ಬೀಗರಿಗೆ ಒಪ್ಪಿಕೊಂಡ ಆರು ಡಬ್ಬಿ

ಮಾಲು ನೋಡದೆ ಮಾತು ಕೊಡಬಾರದು. ಮೂವತ್ತು ವರ್ಷಗಳಿಂದ ಈ ಬುದ್ಧಿಮಾತನ್ನು ಕೇಳಿದವರಿಗೂ ಕೇಳದವರಿಗೂ ಹೇಳುತ್ತ ಬಂದವನು ನಾನು. ಬೆಟಗೇರಿಯಲ್ಲಿ ನನ್ನದು ಹಳೆಯ ಕಟ್ಟಿಗೆಯ ವ್ಯಾಪಾರ. ಬಿಚ್ಚುವ ಮನೆಗಳ ಬಾಗಿಲು, ಕಂಬ, ತೊಲೆ ಕೊಂಡು ತಂದು ಕಟ್ಟುವ ಮನೆಗಳಿಗೆ ಮಾರುತ್ತೇನೆ. ಶಿರಹಟ್ಟಿಯ ಓಣಿಗಳಲ್ಲಿ ಖಾಲಿ ಬಾಟಲಿ, ರದ್ದಿ ಹೊತ್ತು ತಿರುಗಿ ಶುರು ಮಾಡಿದ ಬದುಕು ಇದು. ಯಾರೂ ಕೈ ಹಿಡಿದು ಕಲಿಸಲಿಲ್ಲ. ಕೇಳಿದ ಬೆಲೆಯನ್ನು ಹಾಗೇ ಕೊಟ್ಟು ಒಂದು ಮೊಳೆಯನ್ನೂ ಕೊಂಡವನಲ್ಲ ನಾನು. ಅಂಥವನು ಮಗನ ಮದುವೆಯ ಮಾತುಕತೆಯಲ್ಲಿ, ಎರಡೂ ಕಡೆಯ ಹಿರಿಯರ ಮುಂದೆ, ಕಣ್ಣಿಂದ ಕಾಣದ ಮಾಲಿಗೆ ಮಾತು ಕೊಟ್ಟುಬಿಟ್ಟೆ.

ಶ್ರಾವಣದ ಒಂದು ಮುಂಜಾನೆ. ಮುಂಡರಗಿಯಲ್ಲಿ ಹುಡುಗಿಯ ಮನೆಯ ಪಡಸಾಲೆಯಲ್ಲಿ ಕೂತಿದ್ದೆವು. ಹುಡುಗ ಹುಡುಗಿ ಮೊದಲೇ ಒಬ್ಬರನ್ನೊಬ್ಬರು ಒಪ್ಪಿಕೊಂಡಿದ್ದರು. ಕೊಡುವ ತೆಗೆದುಕೊಳ್ಳುವ ಮಾತಷ್ಟೇ ಉಳಿದಿತ್ತು. ಇಂಥಲ್ಲಿ ಮೊದಲು ಬಾಯಿ ತೆಗೆದವನೇ ಗೆಲ್ಲುತ್ತಾನೆ, ನೆನಪಿಟ್ಟುಕೊಳ್ಳಿ. ನಾನೇ ತೆಗೆದೆ.

"ನಮಗೇನೂ ಬ್ಯಾಡ್ರಿ. ಬಂಗಾರ ಬ್ಯಾಡ, ರೊಕ್ಕ ಬ್ಯಾಡ, ಮೋಟಾರ್ ಸೈಕಲ್ ಬ್ಯಾಡ."

ಎಲ್ಲರ ಮುಖ ಅರಳಿತು. ಅರಳಿದ ಮುಖಗಳನ್ನು ನೋಡಿ ಇನ್ನೊಂದು ಹೆಜ್ಜೆ ಮುಂದಿಟ್ಟೆ. "ಹಂಗಽ ನಮ್ಮ ಕಡಿಂದನೂ ಈ ಸಕ್ಕರಿ ಆರತಿ ಅದೂ ಇದೂ ಬಿಟ್ಟ ಬಿಡೂಣ್ರಿ. ಈಗಿನ ಕಾಲದಾಗ ಸಕ್ಕರಿ ಗೊಂಬಿ ಯಾರ್ ತಿಂತಾರ?"

ನಮ್ಮ ಕಡೆ ಗೌರಿ ಹುಣ್ಣಿಮೆಗೆ, ನಿಶ್ಚಯವಾದ ಹುಡುಗಿಯ ಮನೆಗೆ ಗಂಡಿನವರು ಸಕ್ಕರೆಯ ಗೊಂಬೆಗಳನ್ನು ತಟ್ಟೆಯಲ್ಲಿ ಹೊತ್ತು ಹೋಗುವುದು ರೂಢಿ. ಆನೆ, ನವಿಲು, ತೇರು, ಗುಡಿ, ಎಲ್ಲ ಬಿಳೀ ಸಕ್ಕರೆಯಲ್ಲಿ. ಆ ಹುಡುಗಿಗೆ ಅದು ಜೀವನದಲ್ಲಿ ಒಂದೇ ಸಲ ಬರುವ ಆರತಿ. ನನಗೆ ಅದು ಗೊತ್ತಿರಲಿಲ್ಲ ಅಂತಲ್ಲ. ವ್ಯಾಪಾರಿಯ ನಾಲಿಗೆ, ಕತ್ತರಿಸುವುದು ಅಭ್ಯಾಸ.

ಹುಡುಗಿಯ ಸೋದರತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಅಲ್ಲಿಂದಲೇ ಅಂದರು: "ಬೀಗರು ಭಾಳ ಶಾಣ್ಯಾರ ಅದಾರ. ಬ್ಯಾಡ ಬ್ಯಾಡ ಅನ್ಕೋತ ನಮ್ಮ ಹುಡಿಗಿ ಆರತೀನೂ ನುಂಗಿದ್ರು."

ಮಂದಿ ನಕ್ಕರು. ನಾನೂ ನಕ್ಕೆ. ಹುಡುಗಿ ನಗಲಿಲ್ಲ. ಅಲ್ಲಿಯವರೆಗೆ ಸುಮ್ಮನೆ ಅಡಿಕೆ ಕತ್ತರಿಸುತ್ತ ಕೂತಿದ್ದ ಅವಳ ಅಪ್ಪ, ಅಂದರೆ ನನ್ನ ಬೀಗರು, ಅಡಕೊತ್ತು ಕೆಳಗಿಟ್ಟರು.

"ನಂದೊಂದು ಬೇಡಿಕಿ ಐತ್ರಿ. ಬರ್ರಿ, ಒಳಗ ತೋರಸ್ತೇನಿ."

ಹಿತ್ತಲಿನ ಕೋಣೆಯಲ್ಲಿ ಅಗಲವಾದ ಹಲಗೆಯ ಮೇಲೆ ಹಿತ್ತಾಳೆ ಪಟ್ಟಿಯ ಹಳಿ ಸುತ್ತು ಹಾಕಿತ್ತು. ಎರಡು ಹಳಿಗಳ ನಡುವೆ ಒಂದು ಬೆರಳು ಹಿಡಿಸುವಷ್ಟೇ ಜಾಗ. ಅದರ ಮೇಲೆ ಗೇಣುದ್ದದ ಹಿತ್ತಾಳೆಯ ಇಂಜಿನ್ನು. ಬೀಗರು ಮೂವತ್ತೈದು ವರ್ಷ ಪಂಢರಪುರದ ಕಡೆ ಓಡುತ್ತಿದ್ದ ಸಣ್ಣ ಹಳಿಯ ಗಾಡಿಯ ದುರಸ್ತಿ ಶೆಡ್ಡಿನಲ್ಲಿ ದುಡಿದವರು. ಆ ಹಳಿ ಕಿತ್ತು ದೊಡ್ಡ ಹಳಿ ಹಾಕಿದ ಮೇಲೆ, ತಾವು ಕೈಯಾಡಿಸಿದ ಇಂಜಿನ್ನನ್ನು ನೆನಪಿನಿಂದ ಚಿಕ್ಕದು ಮಾಡಿ ಕಟ್ಟಿದ್ದರು. ಒಳಗೆ ಹಳೆಯ ಟೇಪ್ ರಿಕಾರ್ಡರಿನ ಮೋಟಾರು. ಗುಂಡಿ ಒತ್ತಿದರು, ಇಂಜಿನ್ನು ಒಂದು ಸುತ್ತು ಹಾಕಿ ಬಂದು ನಿಂತಿತು. ಹಿಂದೆ ಏನೂ ಇಲ್ಲ.

"ಡಬ್ಬಿ ಎಲ್ಲಿ ಅದಾವ್ರಿ?" ಅಂದೆ.

"ಅದಽ ನನ್ನ ಬೇಡಿಕಿ. ಆರು ಡಬ್ಬಿ ಬೇಕ್ರಿ. ಪುಣೆದಾಗ ನೋಡಿದೆ, ಬೆಂಗಳೂರಾಗ ಕೇಳಿದೆ. ಎಲ್ಲಾ ದೊಡ್ಡ ಹಳಿ ಡಬ್ಬಿ, ಇಲ್ಲಾ ವಿಲಾಯತಿ ಡಬ್ಬಿ."

"ಇಂಜಿನ್ನಽ ಮಾಡೀರಿ, ಡಬ್ಬಿ ಏನು ದೊಡ್ಡ ಕೆಲಸ?"

"ನಾವು ಇಂಜಿನ್ ಫಿಟರ್ ರೀ. ಇಂಜಿನ್ ಫಿಟರ್ ಡಬ್ಬಿ ಕೆಲಸಕ್ಕ ಕೈ ಹಚ್ಚೂದಿಲ್ಲ. ಅದು ಬ್ಯಾರೇ ಶೆಡ್."

"ಇದು ನಿಮ್ಮ ಮನಿ ಐತಿ. ಇಲ್ಲಿ ಯಾರ್ ನೋಡ್ತಾರ್ರಿ?"

"ನಾ ನೋಡ್ತೇನಲ್ರಿ."

ನನ್ನ ತಲೆಯಲ್ಲಿ ಆಗಲೇ ವ್ಯಾಪಾರ ಓಡುತ್ತಿತ್ತು. ಬಂಗಾರವಿಲ್ಲ, ಸೀರೆಯಿಲ್ಲ, ಆರತಿಯಿಲ್ಲ. ಬೀಗರಿಗೆ ಬೇಕಾದ್ದು ಆರು ಕಟ್ಟಿಗೆಯ ಡಬ್ಬಿ. ನನ್ನ ಕಟ್ಟಿಗೆ ಅಡ್ಡೆಯಲ್ಲಿ ಸಾಗವಾನಿಯ ತುಂಡುಗಳು ಒಲೆಗೆ ಹೋಗುತ್ತವೆ! ಇಷ್ಟು ಸೋವಿಯ ಸಂಬಂಧ ಯಾರಿಗೆ ಸಿಗುತ್ತದೆ? ಪಡಸಾಲೆಗೆ ಬಂದು, ಎಲ್ಲರಿಗೂ ಕೇಳುವಂತೆ ಅಂದೆ: "ಗೌರಿ ಹುಣ್ಣಿಮಿ ದಿನ ಆರು ಡಬ್ಬಿ ಬೀಗರ ಹಳಿ ಮ್ಯಾಲೆ ನಿಂತಿರ್ತಾವು. ಇದು ನನ್ನ ಮಾತು."

"ಚೀಟಿ ಬರದು ಕೊಡ್ರಿ ಅಣ್ಣಾರ," ಅಂದರು ಸೋದರತ್ತೆ.

"ಬೆಟಗೇರಿಯೊಳಗ ಕೇಳಿ ನೋಡ್ರಿ ಅಕ್ಕಾರ, ನನ್ನ ಮಾತಿಗೆ ಚೀಟಿ ಬೇಕಾಗಿಲ್ಲ."

ಬೀಗರು ತಾವೇ ಕಡೆದ ಗಾಲಿಗಳನ್ನು, ತಗಡಿನ ಅಡಿಪಟ್ಟಿಗೆ ಕೂಡಿಸಿದ್ದು ಆರು ಜತೆ, ಒಂದು ಪೇಡೆಯ ಪೆಟ್ಟಿಗೆಯಲ್ಲಿ ಹಾಕಿ ಕೊಟ್ಟರು. ಗಾಲಿ ಅವರ ಶೆಡ್ಡಿಗೆ ಸೇರಿದ್ದಂತೆ. ಬಸ್ಸಿನಲ್ಲಿ ಆ ಪೆಟ್ಟಿಗೆ ನನ್ನ ಹೆಂಡತಿಯ ತೊಡೆಯ ಮೇಲಿತ್ತು. ಡೋಣಿ ಊರು ದಾಟಿದ ಮೇಲೆ ಅಂದಳು: "ಆರತಿ ಉಳಿಸಿ ರೈಲು ಮೈಮ್ಯಾಲೆ ಹಾಕ್ಕೊಂಡ್ರಿ. ಆಗಲಿ, ಚಲೋ ಆತು."

ಮೊದಲು ಕೊಳ್ಳುವುದನ್ನು ನೋಡಿದೆ. ಮಾಡುವುದಕ್ಕಿಂತ ಕೊಳ್ಳುವುದು ಸುಲಭ, ಕೊಳ್ಳುವುದಕ್ಕಿಂತ ಬದಲಾಯಿಸಿಕೊಳ್ಳುವುದು ಸುಲಭ. ಗದಗಿನ ಆಟಿಕೆ ಅಂಗಡಿಗಳಲ್ಲಿ ಕೀಲಿ ಕೊಡುವ ಪ್ಲಾಸ್ಟಿಕ್ ರೈಲು ಸಿಕ್ಕವು. ಡಬ್ಬಿಯ ಮೇಲೆ ಕರಡಿಯ ಚಿತ್ರ. ಮಗ ಫೋನಿನಲ್ಲಿ ಹುಡುಕಿ ಒಂದು ತರಿಸಿದ. ಬಂದದ್ದು ಎಷ್ಟು ಸಣ್ಣದೆಂದರೆ ಹೆಂಡತಿ ಅದನ್ನು ಸಾಸಿವೆ ಡಬ್ಬಿಯ ಪಕ್ಕದಲ್ಲಿಟ್ಟು ಮರೆತಳು. ಸರಿ, ಮಾಡುವುದೇ ಎಂದು ಅಡ್ಡೆಯ ಬಡಿಗನನ್ನು ಕೂರಿಸಿಕೊಂಡೆ. ಬಾಳೆಹೊಸೂರಿನ ಹಳೇ ಮನೆಯೊಂದರ ಬಾಗಿಲಿನ ಸಾಗವಾನಿ ಇತ್ತು, ನೂರು ವರ್ಷ ಒಣಗಿದ್ದು. ಎಂಟೇ ದಿನದಲ್ಲಿ ಆರು ಡಬ್ಬಿ. ಕಿಟಕಿ, ಬಾಗಿಲು, ಮೇಲೆ ಬಾಗಿದ ಮಾಳಿಗೆ. ಎಣ್ಣೆ ಬಣ್ಣ ಹೊಡೆದು ಒಣಗಿಸಿ, ಶ್ರಾವಣ ಮುಗಿಯುವುದರೊಳಗೆ ಮುಂಡರಗಿಗೆ ಒಯ್ದೆ. ಮೂರು ತಿಂಗಳ ಗಡುವು, ಒಂದೇ ತಿಂಗಳಲ್ಲಿ ಮಾಲು! ನನಗೆ ನಾನೇ ಶಾಬಾಸ್ ಹೇಳಿಕೊಂಡೆ.

ಬೀಗರು ಕನ್ನಡಕ ಹಾಕಿಕೊಂಡು ಒಂದು ಡಬ್ಬಿಯನ್ನು ಹಳಿಯ ಮೇಲಿಟ್ಟರು. ಮುಂದಿನಿಂದ ನೋಡಿದರು, ಹಿಂದಿನಿಂದ ನೋಡಿದರು.

"ಯಾಕ್ರಿ ಬೀಗರ, ಬಣ್ಣ ಕೂಡಲಿಲ್ಲೇನು?"

"ಬಣ್ಣ ಚಲೋ ಐತ್ರಿ. ಇದರಾಗ ಕೂಡೋ ಮನುಷ್ಯಾ ಒಂದ ಕುಂಡಿ ಮ್ಯಾಲೆ ಕೂಡಬೇಕಾಕ್ಕೈತಿ."

ಸೋದರತ್ತೆ ಅಡುಗೆಮನೆಯಲ್ಲಿ ಕೆಮ್ಮಿದರು. ಅದು ಕೆಮ್ಮಲ್ಲ.

ನಾನು ಡಬ್ಬಿಯನ್ನು ಗಾಲಿಯ ಅಳತೆಗೆ ಮಾಡಿಸಿದ್ದೆ. ಗಾಲಿ ಇಷ್ಟಗಲವಾದರೆ ಮೇಲಿನ ಮೈ ಅಷ್ಟೇ ಇರಬೇಕಲ್ಲ. ಹಾಗೆ ಅನ್ನಿಸಿದ್ದು ಯಾಕೆಂದರೆ ಹುಟ್ಟಿದಾಗಿನಿಂದ ಕಂಡದ್ದು ಎತ್ತಿನ ಚಕ್ಕಡಿ. ವ್ಯಾಪಾರದಲ್ಲಿ ಮುರಿದ ಚಕ್ಕಡಿಗಳನ್ನು ಎಷ್ಟು ಕೊಂಡಿದ್ದೇನೋ. ಚಕ್ಕಡಿಯ ಮೈ ಎರಡು ಗಾಲಿಗಳ ನಡುವೆ ಕೂರುತ್ತದೆ. ಗದಗಿನ ಸ್ಟೇಶನ್ನಿನಲ್ಲಿ ಸಾವಿರ ಸಲ ನಿಂತಿದ್ದೇನೆ ನಿಜ. ಆದರೆ ಪ್ಲಾಟ್‌ಫಾರ್ಮಿನ ಮೇಲೆ ನಿಂತವನಿಗೆ ಡಬ್ಬಿ ಕಾಣುತ್ತದೆ, ಗಾಲಿ ಎಲ್ಲಿ ಕಾಣುತ್ತದೆ?

"ಇದು ಚಕ್ಕಡಿ ಲೆಕ್ಕ ಆತ್ರಿ," ಅಂದರು ಬೀಗರು, ಬೇಸರವಿಲ್ಲದೆ. "ಸಣ್ಣ ಹಳಿ ಗಾಡಿ ನೋಡ್ರಿ, ಹಳಿ ಎರಡೂವರಿ ಫೂಟು. ಡಬ್ಬಿ ಅದರ ಮೂರು ಪಟ್ಟಿನ ಹತ್ರ. ಎರಡೂ ಕಡಿ ಹೊರಗ ಚಾಚಿರ್ತೈತಿ. ದಪ್ಪನ್ನ ಸಾಹುಕಾರ ಸಣ್ಣ ಸ್ಟೂಲಿನ ಮ್ಯಾಲೆ ಕುಂತಂಗ. ಓಡಾಕ ಹತ್ತಿದ್ರ ಸಾಹುಕಾರ ಆ ಕಡಿ ಈ ಕಡಿ ತೂಗ್ತಾನ."

"ಫೋಟೋ ಐತೇನ್ರಿ?"

"ಇಂಜಿನ್ನಿನ ಫೋಟೋ ಭಾಳ ಅದಾವು."

ಡಬ್ಬಿಯ ಫೋಟೋವನ್ನು ಇಂಜಿನ್ ಶೆಡ್ಡಿನವರು ಇಟ್ಟುಕೊಳ್ಳುತ್ತಿರಲಿಲ್ಲವಂತೆ! ಮಗ ಫೋನಿನಲ್ಲಿ ಕೆಲವು ತೆಗೆದ. ಎಲ್ಲ ಓರೆಯಿಂದ ತೆಗೆದವು, ಮುಂದೆ ಇಂಜಿನ್ನು, ಹಿಂದೆ ಹೊಗೆ, ಹೊಗೆಯೊಳಗೆ ಡಬ್ಬಿ. ಅಳತೆ ಹಿಡಿಯಲು ಬಾರದು. ಬಡಿಗ ಇನ್ನೆರಡು ಮಾಡಿದ. ಒಂದು ಸಂದೂಕದಂತೆ, ಇನ್ನೊಂದು ಬಸ್ಸಿನಂತೆ. ಮಹಾನವಮಿ ಹತ್ತಿರ ಬಂತು. ಒಂದು ಮಾತು ಹೇಳುತ್ತೇನೆ: ಕೆಲಸ ಹೇಗೆ ಕೆಡುತ್ತಿದೆ ಎಂದು ಗೊತ್ತಾದ ದಿನವೇ ಕೈ ನಿಲ್ಲಿಸಬೇಕು. ಬಣ್ಣ ಬದಲಿಸಿದರೆ ಅಳತೆ ಸರಿಹೋಗುವುದಿಲ್ಲ. ನಾನು ಮೂರು ವಾರ ಬಣ್ಣ ಬದಲಿಸಿದೆ.

ಆ ದಿನಗಳಲ್ಲೇ ಬಾಳೆಹೊಸೂರಿಗೆ ಒಂದು ಮನೆಯ ಕಂಬ ನೋಡಲು ಹೋಗಿದ್ದೆ. ಮರಳಿ ಬರುವಾಗ ಲಕ್ಷ್ಮೇಶ್ವರದಲ್ಲಿ ಟಂಟಂ ರಿಕ್ಷಾ ಪಂಕ್ಚರ್ ಆಯಿತು. ಅದು ಸರಿಯಾಗುವ ತನಕ ಚಹಾ ಕುಡಿದು ಓಣಿಯಲ್ಲಿ ಅಡ್ಡಾಡಿದೆ. ಹಳೇ ಕಟ್ಟಿಗೆಯವರ ಕಣ್ಣು ನೆಟ್ಟಗೆ ಇರುವುದಿಲ್ಲ. ಮಂದಿಯ ಜಗುಲಿ, ಬಾಗಿಲು, ತೊಲೆ ನೋಡುತ್ತಲೇ ನಡೆಯುತ್ತೇವೆ. ಒಂದು ಕಟ್ಟೆಯ ಮೇಲೆ ಸಾಗವಾನಿಯ ತುಂಡುಗಳನ್ನು ತೊಳೆದು ನೆರಳಿಗೆ ಒಣಹಾಕಿದ್ದರು. ಸಕ್ಕರೆ ಗೊಂಬೆಯ ಅಚ್ಚುಗಳು. ಒಂದೊಂದೂ ಎರಡು ಹೋಳು; ಹೋಳುಗಳನ್ನು ಕೂಡಿಸಿ ಕಟ್ಟಿ ಪಾಕ ಸುರಿಯುವುದು, ಆರಿದ ಮೇಲೆ ಬಿಚ್ಚುವುದು. ಆನೆ, ನವಿಲು, ತುಳಸಿ ಕಟ್ಟೆ. ಅವುಗಳ ಸಾಲಿನ ತುದಿಯಲ್ಲಿ ಗೇಣುದ್ದದ ಒಂದು ಹೋಳು. ಒಳಗೆ ತಗ್ಗಾಗಿ ಕೆತ್ತಿದ ಕಿಟಕಿಗಳು, ನಡುವೆ ಬಾಗಿಲು, ಕೆಳಗೆ ಹತ್ತುವ ಮೆಟ್ಟಿಲು, ಮೇಲೆ ಬಾಗಿದ ಮಾಳಿಗೆ.

ಕಿಸೆಯಲ್ಲಿ ಬೀಗರ ಗಾಲಿಯ ಜತೆಯೊಂದು ಸದಾ ಇರುತ್ತಿತ್ತು. ತೆಗೆದು ಅಚ್ಚಿನ ಮೇಲೆ ಹಿಡಿದೆ. ಎರಡೂ ಹೋಳು ಕೂಡಿದರೆ ಗಾಲಿಯ ಮೂರು ಪಟ್ಟು, ಕೂದಲೆಳೆಯಷ್ಟು ಕಮ್ಮಿ. ದಪ್ಪನ್ನ ಸಾಹುಕಾರ, ಸಣ್ಣ ಸ್ಟೂಲು.

"ಏನ್ರಿ ಅಣ್ಣಾರ, ಅಳತಿ ತಗೋಳಾಕ ಹತ್ತೀರಲ್ಲ, ಅಂಗಿ ಹೊಲಸ್ತೀರೇನು?"

ಬಾಗಿಲಲ್ಲಿ ಅರವತ್ತರ ಆಸುಪಾಸಿನ ಹೆಂಗಸು. ಸಕ್ಕರೆ ಗೊಂಬೆ ಮಾಡುವ ಮನೆ ಅವರದು, ಓಣಿಗೆಲ್ಲ ಅವರು ಗೊಂಬೆಯಕ್ಕ. ಆ ಅಚ್ಚನ್ನು ಕೆತ್ತಿದವರು ಅವರ ಮಾವ. ಪಂಢರಪುರಕ್ಕೆ ಹೋದಾಗ ಆ ಸಣ್ಣ ಗಾಡಿಯಲ್ಲಿ ಕೂತು ಬಂದು, ಊರಿಗೆ ಬಂದವರೇ ಕೆತ್ತಿದ್ದಂತೆ. ನನ್ನ ಎದೆ ಹಾರಿತು. ಎದೆ ಹಾರಿದಾಗ ಮುಖ ಸಪ್ಪಗೆ ಮಾಡಬೇಕು, ಇದು ವ್ಯಾಪಾರದ ಮೊದಲ ಪಾಠ. ಮಾಡಿದೆ.

"ಹಳೇದಾಗೈತಿ. ಅಂಚು ಸವದಾವು. ಒಯ್ದು ಏನಾರ ಮಾಡಬೇಕು. ಏನ್ ಕೊಡೂದು ಹೇಳ್ರಿ ಅಕ್ಕಾರ."

"ನಾ ಗೊಂಬಿ ಮಾರ್ತೇನಿ. ಅಚ್ಚು ಮಾರೂದಿಲ್ಲ."

"ಎಲ್ಲಾದಕ್ಕೂ ಒಂದು ಬೆಲಿ ಇರ್ತೈತ್ರಿ."

"ಹಂಗಾರ ನಿಮ್ಮ ಬಲಗೈ ಬೆಲಿ ಹೇಳ್ರಿ ನೋಡೂಣು."

ಹೊಸ ಅಚ್ಚು ಕೆತ್ತಿಸಿ ಕೊಡುತ್ತೇನೆಂದೆ. ಮನೆಗೆ ಸಾಗವಾನಿಯ ಬಾಗಿಲು ಕೂರಿಸುತ್ತೇನೆಂದೆ. ಹದಿನೈದು ದಿನ ಬಾಡಿಗೆಗೆ ಕೇಳಿದೆ. ಎದ್ದು ಹೊರಟಂತೆ ಮಾಡಿ ಓಣಿಯ ತುದಿಯವರೆಗೆ ಹೋದೆ, ಕರೆಯುತ್ತಾರೆಂದು ಕಾದೆ. ಕರೆಯಲಿಲ್ಲ. ನಾನೇ ತಿರುಗಿ ಬಂದೆ. ಮೂವತ್ತು ವರ್ಷದಲ್ಲಿ ಹಾಗೆ ತಿರುಗಿ ಬಂದದ್ದು ಅದೇ ಮೊದಲು.

"ಖರೆ ಹೇಳ್ರಿ," ಅಂದರು ಆಕೆ, ಕುಡಿಯಲು ನೀರು ಕೊಟ್ಟು. "ಯಾಕ ಬೇಕಾಗೈತಿ?"

ಹೇಳಿದೆ. ಬೀಗರು, ಇಂಜಿನ್ನು, ಆರು ಡಬ್ಬಿ, ಚೀಟಿ ಬೇಕಿಲ್ಲವೆಂದು ಹಿರಿಯರ ಮುಂದೆ ಕೊಟ್ಟ ಮಾತು. ಆಕೆ ಎಲ್ಲ ಕೇಳಿ ಒಂದೇ ಪ್ರಶ್ನೆ ಕೇಳಿದರು: "ಆ ಹುಡಿಗೀಗೆ ಆರತಿ ಏನೇನ್ ಒಯ್ತೀರಿ?"

ನಾನು ಟಂಟಂ ಸರಿಯಾಯಿತೋ ಇಲ್ಲವೋ ಎಂದು ಓಣಿಯ ಕಡೆ ನೋಡಿದೆ.

"ಬಿಟ್ಟೀರಿ?"

"ಮಾತಿನ್ಯಾಗ ಬಿಟ್ಟ ಹೋತ್ರಿ."

"ಅಪ್ಪಗ ಆಟಿಕಿ ಬೇಕು, ಮಗಳಿಗೆ ಆರತಿ ಬ್ಯಾಡ. ಭಾರೀ ವ್ಯಾಪಾರ!" ಆಮೇಲೆ ಆಕೆ ತಮ್ಮ ಕರಾರು ಹೇಳಿದರು, ಬೆರಳು ಮಡಚದೆ, ಉಸಿರು ತೆಗೆಯದೆ. ಅಚ್ಚು ಈ ಹೊಸ್ತಿಲು ದಾಟುವುದಿಲ್ಲ. ಇಲ್ಲೇ ಬಂದು ಮಾಡಬೇಕು. ಕಟ್ಟಿಗೆಗೆ ಹತ್ತುವ, ಕಚ್ಚುವ, ನಾರುವ ಯಾವುದನ್ನೂ ಅಚ್ಚಿಗೆ ಹಾಕಬಾರದು, ನಾಳೆ ಅದರಲ್ಲೇ ಮಂದಿ ತಿನ್ನುವ ಸಕ್ಕರೆ ಸುರಿಯಬೇಕು. ಸೀಗಿ ಹುಣ್ಣಿಮೆ ಕಳೆದು ಹದಿನೈದನೇ ದಿನಕ್ಕೆ ಅಚ್ಚು ಬಿಡಬೇಕು. ಆಮೇಲೆ ಅದು ಸಕ್ಕರೆಯದು. ಮತ್ತೆ ಆ ಹುಡುಗಿಗೆ ಪೂರಾ ಆರತಿ, ಇಲ್ಲಿಂದಲೇ.

ನಾನು ಒಂದು ಕರಾರನ್ನಾದರೂ ಬಿಡಿಸಿಕೊಳ್ಳಲು ನೋಡಿದೆ. "ಅರ್ಧ ಆರತಿ ಮಾಡಿದ್ರ?"

"ಅರ್ಧ ಡಬ್ಬಿ ಒಯ್ಯಿರಿ."

ಒಪ್ಪಿಕೊಂಡೆ.

ಇನ್ನು ಯಾವುದರಲ್ಲಿ ಮಾಡುವುದು? ಪ್ಲಾಸ್ಟರ್ ಅಂದರೆ ಅಚ್ಚಿಗೆ ಹತ್ತುತ್ತದೆ. ಮನೆಗೆ ಬಂದು ತಲೆ ಹಿಡಿದು ಕೂತಾಗ ಹೆಂಡತಿ ಮೊರದ ಕಡೆ ಕೈ ತೋರಿಸಿದಳು. ಕಾಗದ ನೆನೆಸಿ, ಮೆಂತ್ಯ ಹಾಕಿ ಕುಟ್ಟಿ, ಬುಟ್ಟಿ ಮಾಡುವುದು, ಮೊರಕ್ಕೆ ಬಳಿಯುವುದು ನಮ್ಮ ಹೆಂಗಸರಿಗೆ ಗೊತ್ತಿದ್ದ ವಿದ್ಯೆ.

"ಹೂಂ, ಮೆಂತ್ಯ!" ಅಂದೆ ಹುರುಪಿನಿಂದ.

"ಮೆಂತ್ಯ ಹಾಕಿದ್ರ ಅಚ್ಚು ಕಹಿ ಆಗೂದಿಲ್ಲೇನು? ಆಮ್ಯಾಲೆ ಆಕಿ ಗೊಂಬಿ ಯಾರ್ ತಿನ್ಬೇಕು?" ಹೆಂಡತಿ ಬೆಟಗೇರಿಯ ನೇಕಾರರ ಮನೆಯಲ್ಲಿ ಹುಟ್ಟಿದವಳು. "ನಮ್ಮಪ್ಪನ ಮನ್ಯಾಗ ಮಗ್ಗದ ಹಾಸಿನ ನೂಲಿಗೆ ಗಂಜಿ ಹೊಡೀತಿದ್ರು. ಬರೇ ಅಕ್ಕಿ ಗಂಜಿ. ಸೀರಿ ಬಡಬಡ ಅಂತಿತ್ತು. ಅದಽ ಹಾಕ್ರಿ."

ಹಾಗೆ ಕೆಲಸ ಶುರುವಾಯಿತು. ಹಳೇ ಪೇಪರುಗಳನ್ನು ಎರಡು ದಿನ ನೆನೆಸಿ, ಒರಳಲ್ಲಿ ಕುಟ್ಟಿ, ದಪ್ಪ ಗಂಜಿ ಬೆರೆಸಿ ಹದ ಮಾಡಿಕೊಡುವುದು ಹೆಂಡತಿ. ಅದನ್ನು ಬಕೀಟಿನಲ್ಲಿ ಲಕ್ಷ್ಮೇಶ್ವರಕ್ಕೆ ಒಯ್ಯುವುದು ನಾನು. ಅಚ್ಚಿಗೆ ಮೊದಲು ತೆಳ್ಳನೆಯ ಒದ್ದೆ ಬಟ್ಟೆ ಹಾಸಬೇಕು, ಅದರ ಮೇಲೆ ರೊಟ್ಟಿಯ ದಪ್ಪಕ್ಕೆ ಕಾಗದದ ಮುದ್ದೆ ಒತ್ತಬೇಕು, ಕಿಟಕಿಯ ಮೂಲೆಮೂಲೆಗೆ ಬೆರಳು ಹೋಗಬೇಕು. ಗೊಂಬೆಯಕ್ಕ ಮೊದಲ ದಿನ ನನ್ನ ಕೈ ನೋಡಿ ಅಂದರು: "ಒತ್ತೂದಲ್ಲ ಅಣ್ಣಾರ, ತಟ್ಟೂದು. ಜ್ವಾಳದ ರೊಟ್ಟಿ ಎಂದರ ಬಡದೀರೇನು?" ಬಡಿದಿರಲಿಲ್ಲ. ಕಲಿತೆ. ಮೊದಲ ಹೋಳು ಹರಿಯಿತು, ಎರಡನೆಯದು ಸೊಟ್ಟಾಯಿತು, ಮೂರನೆಯದನ್ನು ಬಟ್ಟೆ ಹಿಡಿದು ಎತ್ತಿದಾಗ ಇಡೀ ಡಬ್ಬಿಯ ಒಂದು ಮಗ್ಗಲು, ಮೆಟ್ಟಿಲು ಸಮೇತ, ಅಂಗೈ ಮೇಲೆ ನಿಂತಿತು. ಐವತ್ತೈದರ ವಯಸ್ಸಿನಲ್ಲಿ ನಾನು ಆ ಕಟ್ಟೆಯ ಮೇಲೆ ಕುಣಿದದ್ದನ್ನು ಲಕ್ಷ್ಮೇಶ್ವರದ ಒಂದು ಓಣಿ ನೋಡಿದೆ.

ಅಚ್ಚಿನ ಎರಡು ಹೋಳಿಗೆ ಒಂದು ಸಲಕ್ಕೆ ಎರಡು ಮಗ್ಗಲು. ಎರಡು ಮಗ್ಗಲು ಕೂಡಿಸಿದರೆ ಒಂದು ಡಬ್ಬಿ. ಅಚ್ಚಿನಲ್ಲೇ ಒಂದು ದಿನ ಗಟ್ಟಿಯಾಗಬೇಕು, ಅಂದರೆ ದಿನ ಬಿಟ್ಟು ದಿನ ಒಂದು ಡಬ್ಬಿ. ಆರು ಡಬ್ಬಿಗೆ ಹನ್ನೆರಡು ದಿನ, ನನಗೆ ಹದಿನೈದಿದ್ದವು. ಹರಿದದ್ದು, ಸೊಟ್ಟಾದದ್ದು ಲೆಕ್ಕ ಹಿಡಿದರೂ ಸರಿಹೋಗುತ್ತಿತ್ತು. ಐದು ಡಬ್ಬಿ ಮುಗಿದಾಗ ಎರಡು ದಿನ ಉಳಿದಿದ್ದವು.

ಆಗ ಶಿರಹಟ್ಟಿಯಿಂದ ಫೋನು ಬಂತು. ಒಂದು ವಾಡೆಯ, ಹಳೇ ದೊಡ್ಡ ಮನೆಯ, ತಲಬಾಗಿಲು ಬಿಚ್ಚುತ್ತಿದ್ದಾರೆ, ಹುಬ್ಬಳ್ಳಿಯವರು ಬರುವ ಮೊದಲು ನೀವು ಬನ್ನಿ ಎಂದು. ನನಗೆ ಆರನೇ ಡಬ್ಬಿ ನೆನಪಿತ್ತು. ಚೌಕಟ್ಟಿನ ಕೆತ್ತನೆಯೂ ಕಣ್ಣೆದುರು ಬಂತು. ಹುಟ್ಟಿದ ಊರು, ಹಿಂದೆ ರದ್ದಿ ಹೊತ್ತು ಹೋಗಿ ನಿಲ್ಲುತ್ತಿದ್ದ ಬಾಗಿಲು ಅದೇ. ಹೋದೆ. ಮೊದಲ ದಿನ ವ್ಯಾಪಾರ ಕುದುರಲಿಲ್ಲ, ಎರಡನೇ ದಿನ ಸಂಜೆ ಕುದುರಿತು. ಬಾಗಿಲು ಸಿಕ್ಕಿತು. ಮರುದಿನ ಲಕ್ಷ್ಮೇಶ್ವರಕ್ಕೆ ಬಕೀಟು ಹಿಡಿದು ಹೋದರೆ ಅಚ್ಚು ನೀರಲ್ಲಿ ನೆನೆಯುತ್ತಿತ್ತು, 'ಸಕ್ಕರೆಯದು' ಆಗಿತ್ತು.

"ಇನ್ನೊಂದಽ ಒಂದು ದಿನ ಅಕ್ಕಾರ."

"ಕರಾರು ಕರಾರು. ನೀವಽ ಅಂದೀರಲ್ಲ, ಮಾತಿಗೆ ಚೀಟಿ ಬೇಕಿಲ್ಲಂತ."

ಆಗ ನನ್ನ ತಲೆಗೆ ಆ ವ್ಯಾಪಾರಿ ಬುದ್ಧಿ ಬಂತು. ಮಾವಿನ ಬುಟ್ಟಿಯ ಕೆಳಗೆ ಎಂಥ ಹಣ್ಣಿರುತ್ತದೆ, ನಿಮಗೂ ಗೊತ್ತು. ಗೊಂಬೆಯಕ್ಕನಿಗೆ ಅಂದೆ: ಆರತಿಯ ಜೊತೆ ಈ ಡಬ್ಬಿಯನ್ನೂ ಸಕ್ಕರೆಯಲ್ಲಿ ಒಂದು ಸುರಿದುಕೊಡಿ, ಕೆಂಪು ಬಣ್ಣ ಹಾಕಿ. ಆಕೆ ಹುಡುಗಿಯ ಆರತಿಗೆಂದೇ ತಿಳಿದು ಖುಷಿಯಿಂದ ಸುರಿದುಕೊಟ್ಟರು. ಐದು ಕಾಗದದ ಡಬ್ಬಿಗಳಿಗೆ ಇಟ್ಟಂಗಿ ಬಣ್ಣ, ಕಪ್ಪು ಮಾಳಿಗೆ. ಸಕ್ಕರೆಯದು ತುಸು ತಿಳಿ. ಸಾಲಿನ ನಡುವೆ ಹಾಕಿದರೆ ಯಾರು ನೋಡುತ್ತಾರೆ? ಮಾಳಿಗೆಗೆ ಕಪ್ಪು ಕಾಗದ ಹಚ್ಚಿ, ಪಾಕದಿಂದಲೇ ಗಾಲಿಯ ಪಟ್ಟಿ ಅಂಟಿಸಿದೆ.

ಗೌರಿ ಹುಣ್ಣಿಮೆಯ ಮಧ್ಯಾಹ್ನ ಮುಂಡರಗಿಗೆ ಹೋದೆವು. ಹೆಂಡತಿ ಆರತಿಯ ತಟ್ಟೆ ಹೊರಗೆ ತೆಗೆದಾಗ ಪಡಸಾಲೆಯಲ್ಲಿದ್ದವರೆಲ್ಲ ಹತ್ತಿರ ಸರಿದರು. ಆನೆ, ನವಿಲು, ತುಳಸಿ ಕಟ್ಟೆ, ಗುಡಿ. ಹುಡುಗಿ ಮೊದಲು ತಟ್ಟೆ ನೋಡಿದಳು, ಆಮೇಲೆ ನನ್ನ ಕಡೆ. "ಬ್ಯಾಡ ಅಂದಿದ್ರಲ್ಲ ಮಾವಾರ?"

"ಮಾತಿನ್ಯಾಗ ಬಿಟ್ಟಿತ್ತು. ಕೈಯಾಗ ಬಂತು."

ಸೋದರತ್ತೆ ನವಿಲನ್ನು ಎತ್ತಿ ಬೆಳಕಿಗೆ ಹಿಡಿದರು. "ಇವತ್ತ ಸೂರ್ಯಾ ಯಾ ದಿಕ್ಕಿಗೆ ಹುಟ್ಯಾನ ನೋಡ್ರೆವಾ!"

ಎಲ್ಲರೂ ಹಿತ್ತಲಿನ ಕೋಣೆಗೆ ನುಗ್ಗಿದರು. ಡಬ್ಬಿಗಳನ್ನು ನಾನೇ ಹಳಿಯ ಮೇಲಿಟ್ಟೆ, ಯಾರಿಗೂ ಮುಟ್ಟಗೊಡಲಿಲ್ಲ. ಐದನ್ನು ಒಂದೊಂದಾಗಿ ಒಂದೇ ಕೈಯಲ್ಲಿ. ನಾಲ್ಕನೆಯದನ್ನು ಎರಡು ಕೈಯಲ್ಲಿ. ಬೀಗರು ನೋಡಿ ಕನ್ನಡಕ ತೆಗೆದು ಒರೆಸಿಕೊಂಡರು. ಮೆಟ್ಟಿಲಿಗೆ ಬೆರಳು ತಾಗಿಸಿ, "ಇದಽ ಮೆಟ್ಟಲಾ. ಇಲ್ಲೆ ಒಂದು ಕಾಲು ಇಟ್ಟು ಜೋತು ಬೀಳತಿದ್ರು ಮಂದಿ," ಅಂದರು. "ಗೆದ್ರಿ ಬೀಗರ."

ಗುಂಡಿ ಒತ್ತಿದರು. ಇಂಜಿನ್ನು ಜಗ್ಗಿತು. ಆರು ಡಬ್ಬಿಗಳು ಎರಡೂ ಕಡೆ ಹೊಟ್ಟೆ ಚಾಚಿಕೊಂಡು, ತೂಗುತ್ತ, ನೆಟ್ಟನೆಯ ಹಳಿಯಲ್ಲಿ ಹೊರಟವು. ತಿರುವು ಬಂತು. ಇಂಜಿನ್ನಿನ ಗಾಲಿ ನಿಂತಲ್ಲೇ ತಿರುಗಿದವು, ಕರ್‌ರ್ ಎಂದವು, ಗಾಡಿ ನಿಂತಿತು. ಮತ್ತೊಮ್ಮೆ ಒತ್ತಿದರು. ಮತ್ತೆ ಅಷ್ಟೇ.

ಬೀಗರು ಮೊಳಕಾಲೂರಿ ಕೂತರು. ಇಂಜಿನ್ನನ್ನು ಎತ್ತಿ ಕಿವಿಗೆ ಹಿಡಿದರು. ಅವರ ಮುಖ ಇಳಿದುಹೋಯಿತು. "ಇಂಜಿನ್ ಸೋತತ್ರಿ," ಅಂದರು ಎಲ್ಲರಿಗೂ ಕೇಳುವಂತೆ. "ಬೀಗರು ತಮ್ಮ ಮಾತು ಉಳಿಸ್ಕೊಂಡ್ರು. ನನ್ನ ಕೈಗೆ ವಯಸ್ಸಾತು." ತಿರುಪುಮೊಳೆ ಬಿಚ್ಚಲು ತಿರುಪುಳಿ ತೆಗೆದುಕೊಂಡರು.

ಆ ಕ್ಷಣ ನಾನು ಸುಮ್ಮನಿದ್ದರೆ ಆಗಿಹೋಗುತ್ತಿತ್ತು. ಆರು ಡಬ್ಬಿ ಅಂದಿದ್ದೆ, ಹಳಿಯ ಮೇಲೆ ಆರು ನಿಂತಿದ್ದವು. ಹಗುರ ಇರುತ್ತವೆ ಎಂದು ಎಲ್ಲಿ ಮಾತು ಕೊಟ್ಟಿದ್ದೆ? ನಾನು ಮಾರಿದ ತೊಲೆ ಸೀಳಿದಾಗ ಮಾಲೀಕ ತನ್ನ ಬಡಿಗನನ್ನು ಬೈದದ್ದಿದೆ, ನಾನು ಸುಮ್ಮನಿದ್ದದ್ದಿದೆ. ಆದರೆ ಆ ಬಡಿಗ ನನ್ನ ಎದುರಿಗೆ ತನ್ನ ಕೈಯನ್ನೇ ತಾನು ನೋಡಿಕೊಳ್ಳುತ್ತ ಕೂತಿರಲಿಲ್ಲ.

ಹುಡುಗಿ ಅಪ್ಪನ ಕೈಯಿಂದ ತಿರುಪುಳಿ ಮೆಲ್ಲನೆ ತೆಗೆದುಕೊಂಡಳು. "ಅಪ್ಪಾ, ತಡೀರಿ ಸ್ವಲ್ಪ. ಮಾವಾರು ಏನೋ ಹೇಳೋರದಾರ."

ಎರಡು ಕೈಯಲ್ಲಿ ಇಟ್ಟದ್ದನ್ನು ಅವಳೊಬ್ಬಳು ನೋಡಿದ್ದಳು.

"ಇಂಜಿನ್ ಬಿಚ್ಚಬ್ಯಾಡ್ರಿ ಬೀಗರ," ಅಂದೆ. "ನಾಕನೇ ಡಬ್ಬಿ ತಗೀರಿ. ಅದು ಸಕ್ಕರೀದು. ನಾ ಮಾಡಿದ್ದು ಐದಽ. ಎರಡು ದಿನ ಶಿರಹಟ್ಟಿಗೆ ಒಂದು ಬಾಗಲಾ ಹಿಡಿಯಾಕ ಹೋದೆ, ಆರನೇದು ಉಳೀತು. ಮಾತು ತಪ್ಪೇನಿ."

ಸೋದರತ್ತೆಯ ಬಾಯಿ ತೆರೆದದ್ದು ತೆರೆದಂತೇ ಇತ್ತು. ಬೀಗರು ನಾಲ್ಕನೇ ಡಬ್ಬಿಯನ್ನು ಎತ್ತಿ ತೂಗಿದರು, ಮೂಸಿದರು, ಅಂಚಿಗೆ ನಾಲಿಗೆ ಹಚ್ಚಿದರು. ನಾನು ಬೈಗಳಿಗೆ ಕಾದೆ.

"ಅಂದ್ರ," ಅಂದರು, "ಇಂಜಿನ್ ಸರಿ ಐತಿ?"

"ಐತ್ರಿ."

ಐದು ಡಬ್ಬಿ ಜೋಡಿಸಿ ಗುಂಡಿ ಒತ್ತಿದರು. ಗಾಡಿ ತಿರುವು ದಾಟಿತು, ಸುತ್ತು ಮುಗಿಸಿತು, ಇನ್ನೊಂದು ಸುತ್ತು ಹೊರಟಿತು. ಬೀಗರು ಸಕ್ಕರೆಯ ಡಬ್ಬಿಯನ್ನು ಕೈಯಲ್ಲಿ ಎತ್ತಿ ಎಲ್ಲರಿಗೂ ತೋರಿಸಿದರು. "ನೋಡ್ರಿ, ಇಷ್ಟು ಸಕ್ಕರಿ ಎಳಕೊಂಡು ತಿರುವಿನ ತನಕ ಬಂದಿತ್ತು ನನ್ನ ಇಂಜಿನ್! ತಿರುವಿನ ತನಕ!"

ಆಗ ಸೋದರತ್ತೆಗೆ ಮಾತು ಮರಳಿತು. "ಎಲ್ಲಾ ಚಲೋ. ಆದ್ರ ಆರು ಅಂದಿದ್ರಲ್ಲ?"

"ಇನ್ನೊಂದು ತರ್ತೇನಿ ಅಕ್ಕಾರ. ಯಾವತ್ತು ಅಂತ ನೀವಽ ಹೇಳ್ರಿ."

"ಮದುವಿ ಹಂದರ ಹಾಕೂದ್ರಾಗ," ಅಂದಳು ಹುಡುಗಿ.

ನಾನು ಒಂದು ದಿನವನ್ನೂ ಹೆಚ್ಚು ಕೇಳಲಿಲ್ಲ. ಸಕ್ಕರೆಯ ಡಬ್ಬಿಯನ್ನು ಅವಳೇ ಕುಟ್ಟಾಣಿಯಲ್ಲಿ ಒಡೆದು ಹಂಚಿದಳು. ನನ್ನ ಪಾಲಿಗೆ ಒಂದು ಕಿಟಕಿ ಬಂತು.

ಹುಣ್ಣಿಮೆ ಕಳೆದ ಮೇಲೆ ಗೊಂಬೆಯಕ್ಕನ ಅಚ್ಚು ಬಿಡುವಾಯಿತು. ಸಕ್ಕರೆಯ ಡಬ್ಬಿ ಯಾತಕ್ಕೆ ಹೋಯಿತೆಂದು ಆಕೆಗೂ ಹೇಳಿದೆ, ಬೈಸಿಕೊಂಡೆ. ಆರನೆಯದನ್ನು ಎರಡು ದಿನದಲ್ಲಿ ಮಾಡಿ, ಹರಿಯದಂತೆ, ಸೊಟ್ಟಾಗದಂತೆ, ಯಾವ ಹಬ್ಬವೂ ಇಲ್ಲದ ಒಂದು ಬುಧವಾರ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಮುಂಡರಗಿಗೆ ಒಯ್ದೆ. ಬೀಗರು ಅದನ್ನು ತೂಗಲಿಲ್ಲ, ಮೂಸಲಿಲ್ಲ. ಸೀದಾ ಸಾಲಿನ ಕೊನೆಗೆ ಸಿಕ್ಕಿಸಿ ಗುಂಡಿ ಒತ್ತಿದರು. ಕೆಲಸಕ್ಕೆ ಹೊರಟಿದ್ದ ಹುಡುಗಿ ಚಪ್ಪಲಿ ಮೆಟ್ಟುತ್ತಲೇ ಬಾಗಿಲಿಂದ ಇಣುಕಿ, ಬೆರಳಿನಿಂದ ಒಂದು, ಎರಡು ಎಂದು ಆರರ ತನಕ ಎಣಿಸಿದಳು.

"ಈಗ ಆತು ನೋಡ್ರಿ ಮಾವಾರ," ಅಂದು ಬಸ್ಸಿಗೆ ಓಡಿದಳು.